ದುಡಿಯುವ ಕೈ ಹೋದ ಮನೆಗೆ ಊರಿನ ಪಟ್ಟಿ

ಶ್ರಾವಣ ಕಾಲಿಡುವ ಹೊತ್ತು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಕರಿಮಣ್ಣಿನಲ್ಲಿ ತೊಗರಿ ಮೇಲೆದ್ದಿರುತ್ತದೆ. ಎಡೆ ಹೊಡೆಯುವುದು, ಕಸ ತೆಗೆಯುವುದು ಭರದಿಂದ ಸಾಗಿರುತ್ತದೆ. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದ ಯಜಮಾನ ಹಾವು ಕಡಿದೋ, ಸಿಡಿಲು ಬಡಿದೋ ಹೆಣವಾಗಿ ಮನೆಗೆ ಬರುತ್ತಾನೆ. ಶಹಾಬಾದಿನ ಕಡೆಯಾದರೆ ಕಲ್ಲು ಗಣಿ, ವಾಡಿಯ ಕಡೆಯಾದರೆ ಲಾರಿಯೋ ರೈಲೋ. ನೆಪ ಯಾವುದಾದರೇನು, ಮನೆಯಲ್ಲಿ ಉಳಿಯುವವರು ಹೆಂಡತಿ, ಸಾಲಿಗೆ ಹೋಗುವ ಎರಡು ಮಕ್ಕಳು, ಮುಪ್ಪಿನ ತಾಯಿ.

ಅಂದು ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು ಕೂಡುತ್ತಾರೆ. ಪಟ್ಟಿ ಹಾಕೋಣ ಎಂಬ ಮಾತು ಬರುತ್ತದೆ. ಜಾತ್ರೆಗೆ, ಗುಡಿಯ ಕೆಲಸಕ್ಕೆ ಪಟ್ಟಿ ಹಾಕಿ ರೂಢಿಯಿರುವ ನಮ್ಮ ಊರುಗಳಿಗೆ ಇದು ಹೊಸದಲ್ಲ. ಆದರೆ ಜಾತ್ರೆಯ ಪಟ್ಟಿ ಮೂರು ದಿನಕ್ಕೆ ಮುಗಿಯುತ್ತದೆ. ಈ ಪಟ್ಟಿಯ ಹಣ ಒಂದು ಸಂಸಾರವನ್ನು ತೊಗರಿ ರಾಶಿಯವರೆಗಾದರೂ ದಾಟಿಸಬೇಕು.

ಹಣ ಯಾರ ಕೈಗೆ? ತಗಾದೆ ಹುಟ್ಟುವುದೇ ಇಲ್ಲಿ. ಭಾವನ ಕೈಗೋ, ಮಾವನ ಕೈಗೋ ಕೊಟ್ಟು ಹೋದರೆ ಕೆಟ್ಟ ಬುದ್ಧಿಯಿಲ್ಲದವರ ಕೈಯಲ್ಲೂ ಲೆಕ್ಕ ಕಲೆಸಿಹೋಗುತ್ತದೆ. ಹೆಣ್ಣುಮಗಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಲ್ಲವೇ ಅಂಚೆ ಕಚೇರಿಯಲ್ಲಿ ಖಾತೆ ಇರಲಿ; ಹಣ ನೇರ ಅಲ್ಲಿಗೇ ಹೋಗಲಿ. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಕೊಟ್ಟವರ ಹೆಸರು, ಮೊತ್ತ ಬರೆದು, ಕೊನೆಯ ದಿನ ಕಟ್ಟೆಯ ಮೇಲೆ ಎಲ್ಲರ ಎದುರಿಗೆ ಓದಿ, ಆ ಪುಸ್ತಕವನ್ನು ಆಕೆಗೇ ಒಪ್ಪಿಸಿಬಿಡಬೇಕು. ಹತ್ತು ರೂಪಾಯಿ ಕೊಟ್ಟ ಕೂಲಿಯವನ ಹೆಸರೂ ಸಾವಿರ ಕೊಟ್ಟ ಸಾವಕಾರನ ಹೆಸರಿನಷ್ಟೇ ಗಟ್ಟಿಯಾಗಿ ಓದಬೇಕು.

ಇನ್ನೊಂದು ಮಾತು, ಬರೆಯುವುದಕ್ಕೆ ಮನಸ್ಸು ಹಿಂಜರಿಯುತ್ತದೆ. ಪಟ್ಟಿಯ ಹಣದಲ್ಲಿಯೇ ದಿನಕರ್ಮದ ಊಟ ಹಾಕಿಸುವುದುಂಟು. ಬಂದ ಬೀಗರೆಲ್ಲ ಉಂಡು ಹೋದ ಮರುದಿನ ಒಲೆ ಹಚ್ಚಲು ಆ ಮನೆಯಲ್ಲಿ ಹಿಟ್ಟಿಲ್ಲ. ಕರ್ಮ ಬೇಡವೆಂದು ಹೇಳುವವರು ನಾವಲ್ಲ. ಆದರೆ ಆ ಖರ್ಚು ಬೇರೆ, ಈ ಹಣ ಬೇರೆ ಎಂದು ಹಿರಿಯರು ಮೊದಲೇ ಬಾಯಿಬಿಟ್ಟು ಹೇಳಿದರೆ ಆ ಹೆಣ್ಣುಮಗಳು ಬೀಗರ ಮುಂದೆ ಹೇಳಬೇಕಾಗಿಲ್ಲ.

ಹಣಕ್ಕಿಂತ ದೊಡ್ಡ ಪಟ್ಟಿ ಮೈಮುರಿದು ಮಾಡುವ ಕೆಲಸದ್ದು. ಜೂನ್-ಜುಲೈಯಲ್ಲಿ ಬಿತ್ತಿದ ತೊಗರಿ ರಾಶಿಗೆ ಬರುವುದು ಡಿಸೆಂಬರ್-ಜನವರಿಗೆ. ನಡುವೆ ಎಡೆ, ಕಸ, ಕಾಯಿಕೊರಕಕ್ಕೆ ಔಷಧಿ, ಆಮೇಲೆ ಕೊಯ್ಲು. ಇದಿಷ್ಟಕ್ಕೂ ಕೂಲಿ ಕೊಟ್ಟರೆ ಪಟ್ಟಿಯ ಹಣ ಅಲ್ಲಿಗೇ ಕರಗಿತು. "ಯವ್ವಾ ತಂಗಿ, ಹೊಲದ ಚಿಂತಿ ಬಿಡು, ನಾವದೀವಿ" ಎಂದವರು ಮನೆಗೊಂದಾಳಿನಂತೆ ದಿನ ಹಂಚಿಕೊಂಡು ಅದನ್ನೂ ಅದೇ ನೋಟುಬುಕ್ಕಿನಲ್ಲಿ ಬರೆಯಿಸಲಿ. ಬರೆಯದ ಮಾತು ದಸರೆಯ ಹೊತ್ತಿಗೆ ಮರೆತುಹೋಗುತ್ತದೆ.

ಈಗ ಎಲ್ಲಕ್ಕೂ ಮೊದಲು ಹೇಳಬೇಕಾಗಿದ್ದ ಸಂಗತಿ. ಹೆಣ ಮುಟ್ಟಿಸಬೇಡಿ, ಕೊಯ್ಯಿಸಬೇಡಿ ಎಂದು ಮನೆಯವರು ಅಳುತ್ತಾರೆ; ಊರವರೂ ಹೂಂಗುಟ್ಟಿ ಸಂಜೆಯೊಳಗೆ ಮಣ್ಣು ಮಾಡಿಬಿಡುತ್ತಾರೆ. ಅಲ್ಲಿಗೆ ಆ ಸಂಸಾರದ ಲಕ್ಷಗಟ್ಟಲೆ ಹಣವನ್ನೂ ಮಣ್ಣು ಮಾಡಿದಂತೆ. ಹೊಲದಲ್ಲಿ ಹಾವು ಕಡಿದು ಸತ್ತ ರೈತನ ಕುಟುಂಬಕ್ಕೆ ಕೃಷಿ ಇಲಾಖೆಯಿಂದ 2 ಲಕ್ಷ ರೂಪಾಯಿ ಪರಿಹಾರವಿದೆ. ಅರ್ಜಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು. ಸಿಡಿಲಿನ ಸಾವಿಗೆ ವಿಪತ್ತು ನಿಧಿಯ ನಿಯಮದಂತೆ 4 ಲಕ್ಷ ರೂಪಾಯಿ ಇದೆ. ಅದಕ್ಕೆ ತಹಶೀಲ್ದಾರರ ಕಚೇರಿ. ಎರಡಕ್ಕೂ ಠಾಣೆಯಲ್ಲಿ ದೂರು, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ ಬೇಕು. ಹಾವು ಕಡಿತವನ್ನು ನಮ್ಮ ರಾಜ್ಯ 2024ರ ಫೆಬ್ರವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಸಾರಿದೆ. ಆದ್ದರಿಂದ ಜೀವವಿರುವಾಗಲೇ ಮಂತ್ರ ಹಾಕಿಸುತ್ತ ಕೂಡದೆ ಆಸ್ಪತ್ರೆಗೆ ಒಯ್ಯಿರಿ. ಬದುಕಿದರೆ ಅದಕ್ಕಿಂತ ಭಾಗ್ಯವಿಲ್ಲ. ಬದುಕದಿದ್ದರೂ ಆಸ್ಪತ್ರೆಯ ಕಾಗದ ಮನೆಯವರ ಕೈಯಲ್ಲಿರುತ್ತದೆ.

ಕಾಗದದ ಬೆಲೆ ನಮ್ಮ ಜಿಲ್ಲೆಗೆ ಗೊತ್ತು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ದಾಖಲಾದದ್ದು ಕಲಬುರಗಿಯಲ್ಲೇ. ಮರುವರ್ಷ ರಾಜ್ಯ ಸರ್ಕಾರ ಕೋವಿಡಿನಿಂದ ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಮನೆಗೆ 1 ಲಕ್ಷ ರೂಪಾಯಿ ಸಾರಿತು; ಸಾವಿನ ಕಾರಣ ಕಾಗದದ ಮೇಲೆ ಇಲ್ಲದವರಿಗೆ ಆ ಹಣ ಬರುವಂತಿರಲಿಲ್ಲ. ಮರಣ ನೋಂದಣಿ 21 ದಿನದೊಳಗಾದರೆ ಖರ್ಚಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೆ ಅಲೆಯಬೇಕು.

ಬಿಪಿಎಲ್ ಮನೆಯ ದುಡಿಯುವವರು 18ರಿಂದ 59 ವಯಸ್ಸಿನೊಳಗೆ ತೀರಿಕೊಂಡರೆ, ಸಾವು ಹೇಗೇ ಆಗಿರಲಿ, ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದು ಸಲ 20,000 ರೂಪಾಯಿ ಸಿಗುತ್ತದೆ. ನಾಡಕಚೇರಿಯಲ್ಲಿ ಇದಕ್ಕೂ ವಿಧವಾ ವೇತನಕ್ಕೂ ಒಂದೇ ದಿನ ಅರ್ಜಿ ಕೊಡಿ, ಎರಡು ಸಲ ಕೂಲಿ ಕೆಡಿಸಿಕೊಳ್ಳುವುದೇಕೆ? ಸಾಲದ ಹೊರೆಯಿಂದ ಜೀವ ಕಳೆದುಕೊಂಡ ರೈತನ ಕುಟುಂಬಕ್ಕೆ 2015ರಿಂದ ಪರಿಹಾರ 5 ಲಕ್ಷ ರೂಪಾಯಿ. ಆ ಅರ್ಜಿಯನ್ನು ತೀರ್ಮಾನಿಸುವುದು ಉಪವಿಭಾಗಾಧಿಕಾರಿಯ ಸಮಿತಿ. ರೈಲಿನಿಂದ ಬಿದ್ದು ಸತ್ತ ಪ್ರಯಾಣಿಕನ ಮನೆಯವರಿಗೆ 2017ರಿಂದ 8 ಲಕ್ಷ ರೂಪಾಯಿ ನಿಗದಿಯಾಗಿದೆ. ರೈಲ್ವೆ ಕ್ಲೇಮ್ ನ್ಯಾಯಮಂಡಳಿಗೆ ವರ್ಷದೊಳಗೆ ಅರ್ಜಿ ಹೋಗಬೇಕು, ಟಿಕೇಟು ಸಿಕ್ಕರೆ ಜೋಪಾನ ಮಾಡಿ. ಗುದ್ದಿದ ಗಾಡಿ ಯಾವುದೆಂದು ತಿಳಿಯದ ರಸ್ತೆ ಸಾವಿಗೆ 2022ರ ಏಪ್ರಿಲ್‌ನಿಂದ 2 ಲಕ್ಷ.

ಗಣಿಯಲ್ಲಿ, ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರ ಮಾತು ಬೇರೆ. ಕಲ್ಲು ಗಣಿಯ ಮಾಲೀಕ ಕೈಯಲ್ಲಿ ಹತ್ತಿಪ್ಪತ್ತು ಸಾವಿರ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದರೆ ಒತ್ತಬೇಡಿ. ಕೆಲಸದ ಮೇಲೆ ಸತ್ತವನ ಕುಟುಂಬಕ್ಕೆ ಕಾಯಿದೆಯಂತೆ ಸಂಬಳ, ವಯಸ್ಸು ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ. ಹಿಂದಿನ 1923ರ ಕಾಯಿದೆಯಲ್ಲಿ ಸಾವಿಗೆ ಅದು 1,20,000 ರೂಪಾಯಿಗಿಂತ ಕಡಿಮೆ ಆಗುವಂತಿರಲಿಲ್ಲ, ಎಷ್ಟೋ ಸಲ ಅದಕ್ಕಿಂತ ಬಹಳ ಹೆಚ್ಚು ಬರುತ್ತಿತ್ತು. ಕೇಳಲು ಎರಡು ವರ್ಷ ಅವಧಿ. ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿಯವನಾದರೂ ಪಿಎಫ್ ಕಡಿತವಾಗುತ್ತಿದ್ದರೆ ಅದರ ಜೊತೆಗೇ 7 ಲಕ್ಷದವರೆಗಿನ ವಿಮೆ ಇದೆ. ಸಂಬಳದ ಚೀಟಿ ಹುಡುಕಿ ತೆಗೆಯಿರಿ.

ಮೊದಲ ತಿಂಗಳಲ್ಲೇ ಸಾಲಗಾರರೂ ಬಾಗಿಲಿಗೆ ಬರುತ್ತಾರೆ. ನಿಜವಾದ ಸಾಲವೂ ಇರುತ್ತದೆ, ಸತ್ತವನು ಎದ್ದು ಬಂದು ಅಲ್ಲವೆನ್ನುವುದಿಲ್ಲವೆಂದು ಹುಟ್ಟಿಸಿದ ಸಾಲವೂ ಇರುತ್ತದೆ. ಸತ್ತವನ ಆಸ್ತಿಯಲ್ಲಿ ವಾರಸುದಾರರಿಗೆ ಬಂದ ಪಾಲಿನಷ್ಟಕ್ಕೆ ಮಾತ್ರ ಸಾಲದ ಹೊಣೆ. ಅದನ್ನು ದಾಟಿ ಹೆಂಡತಿಯ ಕೂಲಿಗೂ ಮಕ್ಕಳ ದುಡಿಮೆಗೂ ಕೈ ಹಾಕುವಂತಿಲ್ಲ. ಹೊಸ ಪತ್ರಕ್ಕೆ ಸಹಿ ಬೇಡ. ಹಳೇ ಕಾಗದ ತೋರಿಸಿ ಎಂದು ಹಿರಿಯರೇ ಕೇಳಲಿ.

ಹೊಲ ಸತ್ತವನ ಹೆಸರಿನಲ್ಲೇ ಉಳಿದರೆ ಬೆಂಬಲ ಬೆಲೆಗೆ ತೊಗರಿ ಮಾರಲು ಹೆಸರು ಬರೆಸುವುದೂ ಕಷ್ಟ. 2025-26ಕ್ಕೆ ಆ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯೂ ಹೊಸ ಪಹಣಿ ನೋಡಿಯೇ ಕೊಡುವಂಥದು. ವಂಶಾವಳಿ ಮಾಡಿಸಿ ಪೌತಿ ಖಾತೆಗೆ ಅರ್ಜಿ ಹಾಕಿ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರ ಹೆಸರೂ ಬರಬೇಕು; ಹೆಣ್ಣುಮಗುವಿನ ಹೆಸರು ಬಿಟ್ಟರೆ ಮುಂದೆ ಕೋರ್ಟಿನ ದಾರಿ.

ಮಕ್ಕಳ ಸಾಲಿ ಬಿಡಿಸುವುದು ಎಲ್ಲ ಕಡೆಯೂ ಮೊದಲು ಆಗುವ ಕೆಲಸ, ಅದರಲ್ಲೂ ಹಿರಿಮಗಳದು. ವಿಧವೆ ತಾಯಿಯ ಮಕ್ಕಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿಯ ನೆರವಿದೆ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಕಲಬುರಗಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ. ಊರಿನ ಮಾಸ್ತರರು ಇಲ್ಲವೇ ಅಂಗನವಾಡಿ ಅಕ್ಕ ಆ ಅರ್ಜಿ ಬರೆದುಕೊಟ್ಟರೆ ಅದೂ ಪಟ್ಟಿಗೆ ಕೊಟ್ಟ ಹಾಗೆಯೇ.

ಕೊನೆಗೆ ಸತ್ತವನ ಪಾಸ್‌ಬುಕ್ ತೆಗೆದು ನೋಡಿ. ಅದರಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಜೀವನ ಜ್ಯೋತಿ ವಿಮೆ, 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ಅಪಘಾತ ವಿಮೆ. ಒಂದೊಂದಕ್ಕೂ 2 ಲಕ್ಷ. ತಿಂಗಳೊಳಗೆ ಬ್ಯಾಂಕಿಗೆ ತಿಳಿಸಬೇಕು. ವಿಮೆ ಇದೆಯೆಂದು ಗೊತ್ತಿಲ್ಲದೆ ಬಿಟ್ಟವರು ಬಹಳ. ಹಾಗೆಯೇ ಇದನ್ನು ಓದುತ್ತಿರುವವರು ತಮ್ಮ ಪಾಸ್‌ಬುಕ್ಕನ್ನೂ ಒಮ್ಮೆ ತಿರುವಿಹಾಕಿ. ಕಡಿತ ಆಗುವುದು ಮೇ ತಿಂಗಳ ಕೊನೆಯ ವಾರ. ಬಿತ್ತನೆಯ ಬೀಜಕ್ಕೆಂದು ಖಾತೆ ಬರಿದು ಮಾಡುವಾಗ 456 ರೂಪಾಯಿ ಅಲ್ಲೇ ಇರಲಿ.