ತಾರೆ ಹಿಡಿಯುವ ಕ್ಯಾಮೆರಾಗೆ ತಂಪೇಕೆ?

ನೀಹಾರಿಕೆಗಳ ಫೋಟೊ ತೆಗೆಯುವ ಕ್ಯಾಮೆರಾದಲ್ಲಿ ಕೂಲರ್ ಏಕಿರುತ್ತದೆ? ಮೊದಲ ಸಲ ಕೊಳ್ಳುವವರು ಏನು ನೋಡಬೇಕು?
– ಓದುಗರೊಬ್ಬರು, ಹೊಸಪೇಟೆ

ಚಳಿಗಾಲದ ರಾತ್ರಿ ಹಂಪಿಯ ಬಂಡೆಯ ಮೇಲೆ ನಿಂತರೆ ಒರಾಯನ್ ನೀಹಾರಿಕೆ ಬರಿಗಣ್ಣಿಗೆ ಮಸುಕು ಚುಕ್ಕೆ, ಅಷ್ಟೆ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಬೆಳಕು ತೊಟ್ಟು ತೊಟ್ಟಾಗಿ ಬರುವುದರಿಂದ ಸೆನ್ಸರನ್ನು ನಿಮಿಷಗಟ್ಟಲೆ ತೆರೆದಿಡಬೇಕು.

ಸಂಡೂರಿನ ಗಣಿ ಪಕ್ಕದ ಅಂಗಳದಲ್ಲಿ ಸೋನೆನೀರು ಹಿಡಿಯಲು ಪಾತ್ರೆ ಇಟ್ಟಂತೆ ಇದು. ಹೊತ್ತು ಕಳೆದಷ್ಟೂ ಹನಿಯ ಜೊತೆ ಕೆಂಧೂಳೂ ಕೂರುತ್ತದೆ. ಸೆನ್ಸರಿನೊಳಗಿನ ಧೂಳೆಂದರೆ ಬಿಸಿ: ಶಾಖಕ್ಕೆ ಸಿಲಿಕಾನ್‌ನಿಂದ ಎಲೆಕ್ಟ್ರಾನುಗಳು ತಾವಾಗಿ ಬಿಡುಗಡೆಯಾಗಿ, ಬೆಳಕೇ ಬೀಳದ ಕಡೆಯೂ ಚುಕ್ಕೆ ಮೂಡಿಸುತ್ತವೆ. ಉಷ್ಣಾಂಶ ಆರೇಳು ಡಿಗ್ರಿ ಇಳಿದರೆ ಈ ಕಾಟ ಸರಿಸುಮಾರು ಅರ್ಧವಾಗುತ್ತದೆ. ಕೂಲರ್ ಸೆನ್ಸರನ್ನು ಹೊರಗಾಳಿಗಿಂತ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಸಬಲ್ಲದು. ಹೊಸಪೇಟೆಯ ಸೆಕೆಗೆ ಅದು ಶೋಕಿಯಲ್ಲ!

ಬಿಸಿಯಲ್ಲದೆ ಇನ್ನೊಂದು ತೊಡಕೂ ಇದೆ: ಮಾಮೂಲಿ ಕ್ಯಾಮೆರಾದ ಒಳಫಿಲ್ಟರ್, ನೀಹಾರಿಕೆಯ ಜಲಜನಕ ಸೂಸುವ 656 ನ್ಯಾನೊಮೀಟರಿನ ಕೆಂಪನ್ನೂ ಬಹುಪಾಲು ತಡೆಯುತ್ತದೆ.

ಹಾಗಾಗಿ ಮೊದಲ ಕ್ಯಾಮೆರಾ ಆ ತಡೆಯಿಲ್ಲದ, ಕೂಲರ್ ಇರುವ ಕಲರ್ ಮಾದರಿಯಾಗಿರಲಿ. ಜಡ್‌ಡಬ್ಲ್ಯೂಓ ಕಂಪನಿಯ ಎಎಸ್‌ಐ 533 ಎಂಸಿ ಪ್ರೊ ಒಂದು ಉದಾಹರಣೆ. 9 ಮೆಗಾಪಿಕ್ಸೆಲ್ ಎಂದು ಮೂಗು ಮುರಿಯಬೇಕಿಲ್ಲ, ಕಲಿಯುವವರಿಗೆ ಧಾರಾಳ. ಆದರೆ ತಾರೆಗಳ ಚಲನೆಯನ್ನು ಹಿಂಬಾಲಿಸುವ ಗಟ್ಟಿ ಮೌಂಟ್ ಇಲ್ಲದೆ ಇದಕ್ಕೆ ಹಣ ಸುರಿಯಬೇಡಿ. ಅಮಾವಾಸ್ಯೆಯ ಆಸುಪಾಸು, ಪೇಟೆಯ ದೀಪಗಳಿಂದ ದೂರ, ಕಂಪ್ಲಿ ಕಡೆಯ ಗದ್ದೆಬಯಲಿನಲ್ಲಿ ಒಮ್ಮೆ ಹೂಡಿ ನೋಡಿ.