ಡೀಸೆಲ್‌ಗೆ ಆಯಿಲ್ ಬೆರೆಸಬೇಕಾ?

ಇಲ್ಲಿ ಅಮೆರಿಕದಲ್ಲಿ ಹಳೇ ಡೀಸೆಲ್ ಪಿಕಪ್ ಇಟ್ಟುಕೊಂಡಿರೋ ಕೆಲವರು ಟ್ಯಾಂಕಿಗೆ ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್ ಸುರಿಯೋದುಂಟು. ಯಾಕೆ? ಇಂಜೆಕ್ಷನ್ ಪಂಪಿಗೆ ಡೀಸೆಲ್ಲೇ ಕೀಲೆಣ್ಣೆ. 2006ರಲ್ಲಿ ಇಲ್ಲಿ ಗಂಧಕದ ಮಿತಿ 15 ಪಿಪಿಎಂಗೆ ಇಳಿಯಿತು. ಗಂಧಕ ತೆಗೆಯುವಾಗ, ಲೋಹಕ್ಕೆ ಅಂಟಿಕೊಂಡು ಸವೆತ ತಡೆಯುವ ಅಣುಗಳೂ ಹೋಗಿಬಿಡುತ್ತವೆ. ಹಾಗಾಗಿ ಅವರ ಭಯ ಸುಳ್ಳಲ್ಲ.

ಆದರೆ ಆ ಕೊರತೆಯನ್ನು ಬಂಕಿಗೆ ಬರುವ ಮೊದಲೇ ತುಂಬಿರುತ್ತಾರೆ. ಪರೀಕ್ಷೆಯಲ್ಲಿ ಉಕ್ಕಿನ ಗುಂಡಿನ ಮೇಲಿನ ಸವೆತದ ಗುರುತು 520 ಮೈಕ್ರಾನ್ ದಾಟಬಾರದು, ಯುರೋಪಿನಲ್ಲಿ 460. ನೂರಕ್ಕೆ ಎರಡು ಪಾಲು ಬಯೋಡೀಸೆಲ್ ಸೇರಿಸಿದರೂ ಜಾರುಗುಣ ಚೆನ್ನಾಗಿ ಹೆಚ್ಚುತ್ತದೆ.

ಹೊಸ ಗಾಡಿಗಳಲ್ಲಿ ಇನ್ನೊಂದು ತೊಂದರೆ. ಹೊಗೆ ಫಿಲ್ಟರಿನಲ್ಲಿ ಕೂತ ಮಸಿ ಸುಟ್ಟುಹೋಗುತ್ತದೆ. ಆಯಿಲ್‌ನ ಲೋಹಾಂಶದಿಂದಾದ ಬೂದಿ ಸುಡಲ್ಲ, ಅಲ್ಲೇ ಕಟ್ಟಿಕೊಳ್ಳುತ್ತೆ. ಫಿಲ್ಟರ್ ಇರೋ ಗಾಡಿಗೆ ಆಯಿಲ್ ಬೇಡ. ಹಳೇ ಪಂಪಿನ ಚಿಂತೆ ಇದ್ದರೆ, ಮ್ಯಾನ್ಯುಯಲ್ ಒಪ್ಪುವ ಅಡಿಟಿವ್ ಸಾಕು.