ಕಣ್ಣು ಕೂರಿಸುವ ಆಸ್ಪತ್ರೆ

ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್ನಿನ ಹಳೇ ಪೇಟೆಯಲ್ಲಿ ಪ್ರಾಸಾ ದಾ ಫಿಗೈರಾ ಎಂಬ ಚೌಕವಿದೆ. ಅಲ್ಲಿನ 7ನೇ ನಂಬರಿನ ಕಟ್ಟಡದಲ್ಲಿ ಗೊಂಬೆಗಳಿಗೆಂದೇ ಒಂದು ಆಸ್ಪತ್ರೆ ನಡೆಯುತ್ತಿದೆ. ಕೆಳಗೆ ಪುಟ್ಟ ಗೊಂಬೆ ಅಂಗಡಿ, ಮಹಡಿಯಲ್ಲಿ ರಿಪೇರಿ ಕೋಣೆಗಳು ಮತ್ತು ಒಂದು ಮ್ಯೂಸಿಯಂ. ಬಂದ ಗೊಂಬೆಯನ್ನು ಇಲ್ಲಿ ರೋಗಿಯೆಂದೇ ಕರೆದು ದಾಖಲು ಮಾಡಿಕೊಳ್ಳುತ್ತಾರೆ. ಬಿಡಿಭಾಗಗಳ ಡ್ರಾಯರುಗಳನ್ನು ನೋಡಿದರೆ ನಮ್ಮ ಗ್ರಂದಿಗೆ ಅಂಗಡಿಗಳ ನೆನಪಾಗುತ್ತದೆ: ಒಂದರಲ್ಲಿ ಕೈ, ಒಂದರಲ್ಲಿ ಕಾಲು, ಇನ್ನೊಂದರಲ್ಲಿ ತಲೆ. ಜೋಡಿ ಜೋಡಿ ಗಾಜಿನ ಕಣ್ಣುಗಳದ್ದಂತೂ ಬೇರೆಯದೇ ಪ್ರಪಂಚ.

ಇದರ ಕತೆ ಶುರುವಾದದ್ದೂ ಗ್ರಂದಿಗೆ ಅಂಗಡಿಯಿಂದಲೇ. ದೋನಾ ಕಾರ್ಲೋತಾ ಎಂಬ ಅಜ್ಜಿ ಒಣಗಿಡಮೂಲಿಕೆ ಮಾರುವ ತನ್ನ ಅಂಗಡಿಯ ಬಾಗಿಲಲ್ಲಿ ಕೂತು ಬಟ್ಟೆಯ ಗೊಂಬೆ ಹೊಲಿಯುತ್ತಿದ್ದಳಂತೆ. ಸಂತೆಗೆ ಬಂದವರ ಮಕ್ಕಳು ಹರಿದ ಗೊಂಬೆ ತಂದರೆ ಅದನ್ನೂ ಸರಿಮಾಡಿ ಕೊಡುತ್ತಿದ್ದಳು. ಅದೇ ಬೆಳೆದು ಆಸ್ಪತ್ರೆಯಾಯಿತು. ಸಂಸ್ಥೆ ತನ್ನ ಹುಟ್ಟನ್ನು 1830 ಎಂದು ಹೇಳಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದನ್ನು ನಡೆಸಿಕೊಂಡು ಬಂದವರು ಮನುಯೆಲಾ ಕುತಿಲೈರೋ. ಈ ಜಾಗದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಇದೇ ಚೌಕದ ನೆಲದಲ್ಲಿ ಹಿಂದೆ ನಗರದ ದೊಡ್ಡಾಸ್ಪತ್ರೆಯಿತ್ತು. 1492ರಲ್ಲಿ ಕಟ್ಟಲು ತೊಡಗಿದ ಅದು 1755ರ ಮಹಾಭೂಕಂಪದಲ್ಲಿ ಹಾಳಾದ ಮೇಲೆಯೇ ಅಲ್ಲಿ ಸಂತೆಯ ಬಯಲು ಆದದ್ದು. ಮನುಷ್ಯರ ಆಸ್ಪತ್ರೆ ಹೋದ ಕಡೆ ಗೊಂಬೆಗಳ ಆಸ್ಪತ್ರೆ ಬಂತು.

ಲಿಸ್ಬನ್ನಿನಲ್ಲಿ ಮಂಗಳವಾರ, ಶನಿವಾರ ಫೈರಾ ದಾ ಲಾದ್ರಾ ಎಂಬ ಹಳೇ ಸಾಮಾನಿನ ಸಂತೆ ನೆರೆಯುತ್ತದೆ. ಕೈಬದಲಾದ ಹಳೆಯ ಗೊಂಬೆಗಳು ಸಂಗ್ರಹಕಾರರ ಕೈಸೇರುವುದು ಇಂಥ ಸಂತೆಗಳಲ್ಲಿಯೇ. ನೂರು ವರ್ಷದ ಪಿಂಗಾಣಿ ತಲೆಯ ಗೊಂಬೆ ಸಿಕ್ಕಿತೆನ್ನಿ. ಬಲ್ಲವರು ಮೊದಲು ಮುಖ ನೋಡುವುದಿಲ್ಲ, ಕೂದಲೆತ್ತಿ ಹೆಡಕು ನೋಡುತ್ತಾರೆ. ತಯಾರಕರ ಗುರುತು, ಅಚ್ಚಿನ ನಂಬರು ಅಲ್ಲಿರುತ್ತದೆ. ಆಮೇಲೆ ತಲೆಯೊಳಗೆ ಸಣ್ಣ ಟಾರ್ಚ್ ಬಿಟ್ಟು ನೋಡುತ್ತಾರೆ. ಹೊರಗಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಆ ಬೆಳಕಿನಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ.

ಕೊನೆಗೆ ಗೊಂಬೆಯನ್ನು ಮೆಲ್ಲಗೆ ಅಲುಗಿಸುತ್ತಾರೆ. ಒಳಗೆ ಗಲಗಲ ಸದ್ದಾದರೆ ಕಣ್ಣು ಕಳಚಿ ತಲೆಯೊಳಗೆ ಬಿದ್ದಿದೆ ಎಂದರ್ಥ. ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆಗಳ ಗುಟ್ಟು ಒಂದು ಸೀಸದ ಗುಂಡು. ಎರಡೂ ಕಣ್ಣುಗಳನ್ನು ಒಂದೇ ತಂತಿಗೆ ಬಿಗಿದು, ಕೆಳಗೆ ಸೀಸ ತೂಗುಬಿಟ್ಟಿರುತ್ತಾರೆ. ಗೊಂಬೆ ಮಲಗಿದಾಗ ಸೀಸ ತೂಗಿ ರೆಪ್ಪೆ ಇಳಿಯುತ್ತದೆ, ಎದ್ದಾಗ ಮೇಲೇರುತ್ತದೆ. ಈ ತಂತಿಯನ್ನು ಎರಡೂ ಕಡೆ ಹಿಡಿದಿರುವುದು ಚೂರು ಪ್ಲಾಸ್ಟರ್ ಮಾತ್ರ. ವಯಸ್ಸಾದಂತೆ ಅದು ಉದುರುತ್ತದೆ. ಸೀಸ ಪಿಂಗಾಣಿಗೆ ಬಡಿಯದಂತೆ ಒಳಗೆ ಇಟ್ಟಿದ್ದ ಬಿರಡೆಯ ತುಂಡೂ ಬಿದ್ದುಹೋಗಿದ್ದರೆ ಆಟದ ಒಂದೊಂದು ಏಟೂ ಗಲ್ಲಕ್ಕೇ.

ಕಣ್ಣು ಮರಳಿ ಕೂರಿಸುವುದು ತಾಳ್ಮೆಯ ಕೆಲಸ. ಕೂದಲಿನ ಟೋಪಿಯನ್ನು ಹರಿಯದಂತೆ ಬಿಡಿಸಿ, ನೆತ್ತಿಯ ಮುಚ್ಚಳ ತೆಗೆದು, ಹಳೆಯ ಪ್ಲಾಸ್ಟರನ್ನು ಕೆರೆಯಬೇಕು. ಗಾಜಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ಎರಡು ಕಣ್ಣುಗಳ ನೋಟ ಒಂದಾಗುವವರೆಗೆ ಹೊಂದಿಸಿ, ಬಳಿಕ ಪಕ್ಕಗಳಿಗೆ ಹೊಸ ಪ್ಲಾಸ್ಟರ್ ಇಡಬೇಕು. ವ್ಯಾಸಲೀನ್ ಮರೆತರೆ ಕಣ್ಣು ಅಂಟಿಕೊಂಡು, ಗೊಂಬೆ ಮತ್ತೆ ನಿದ್ದೆ ಮಾಡುವುದೇ ಇಲ್ಲ. ನಮ್ಮ ಶಿಲ್ಪಿಗಳು ವಿಗ್ರಹದ ಕಣ್ಣನ್ನು ಕಟ್ಟಕಡೆಗೆ, ಎದುರಿನಿಂದ ತೆರೆಯುತ್ತಾರೆ. ಇಲ್ಲಿ ಹಿಂದಿನಿಂದ, ತಲೆಯೊಳಗಿನಿಂದ.

ಆ ಕಾಲದ ಗೊಂಬೆಗಳ ಗಾಜಿನ ಕಣ್ಣುಗಳಿಗೆ ಹೆಸರಾದ ಊರು ಜರ್ಮನಿಯ ತುರಿಂಗಿಯಾದ ಲಾಉಷಾ. ಗಾಜು ಊದುವವರ ಊರದು. ಅಲ್ಲಿ ಗೊಂಬೆಯ ಕಣ್ಣು ಮಾಡುತ್ತಿದ್ದ ಲುಡ್ವಿಗ್ ಮ್ಯೂಲರ್-ಊರಿ ಎಂಬ ಕುಶಲಕರ್ಮಿ 1835ರಲ್ಲಿ, ಕಣ್ಣು ಕಳೆದುಕೊಂಡ ಮನುಷ್ಯರಿಗೂ ಗಾಜಿನ ಕೃತಕ ಕಣ್ಣು ಮಾಡಿದ. ಗೊಂಬೆ ಕೆಲಸವನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಇದನ್ನೊಮ್ಮೆ ನೆನೆಯಬೇಕು.

ಉಳಿದ ಚಿಕಿತ್ಸೆ ಇಷ್ಟು ಕಷ್ಟದ್ದಲ್ಲ. ಕೈಕಾಲು ಜೋತುಬಿದ್ದಿದ್ದರೆ ಒಳಗಿನ ಎಲಾಸ್ಟಿಕ್ ಬದಲಿಸಿ ಕೊಕ್ಕೆ ಹಾಕಿದರೆ ಸಾಕು. ಸೆಲ್ಯುಲಾಯ್ಡ್ ಗೊಂಬೆಯನ್ನು ಮಾತ್ರ ಬೆಂಕಿಯ ಹತ್ತಿರ ಒಯ್ಯಬಾರದು. ಅದರ ಮೈಯಲ್ಲಿ ಕರ್ಪೂರದ ಜೊತೆ ನೈಟ್ರೋಸೆಲ್ಯುಲೋಸ್ ಇದೆ, ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಮರದ ಹೊಟ್ಟು, ಅಂಟು ಕಲಸಿ ಅಚ್ಚೊತ್ತಿದ ಮೈಯಾದರೆ ತೇವಕ್ಕೆ ಬಿರಿಯುತ್ತದೆ. ಬಿರುಕಿಗೆ ಅದೇ ಬಗೆಯ ಹಿಟ್ಟು ತುಂಬಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರಿಗೆ ಈ ಮಾತು ಹೊಸದಲ್ಲ. ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದಿಗಳಿಗೆ ಮರದ ಹೊಟ್ಟು ಹಾಗೂ ಹುಣಸೆಬೀಜದ ಅಂಟಿನ ಕಲಸು ಮೆತ್ತುವುದು ಅವರ ತಲೆಮಾರುಗಳ ವಿದ್ಯೆ.

ಎಲ್ಲಕ್ಕಿಂತ ಕಷ್ಟವಾದದ್ದು ಎಲ್ಲಿ ಕೈ ನಿಲ್ಲಿಸಬೇಕೆಂದು ತಿಳಿಯುವುದು. ಮಾಸಿದ ಕೆನ್ನೆಗೆ ಹೊಸ ಬಣ್ಣ ಹೊಡೆದರೆ ಗೊಂಬೆ ಫಳಫಳ ಹೊಳೆಯಬಹುದು, ಆದರೆ ಸಂಗ್ರಹಕಾರರ ಕಣ್ಣಿನಲ್ಲಿ ಅದರ ಬೆಲೆ ಇಳಿಯಿತು. ಮುಂದೊಂದು ದಿನ ಬಿಡಿಸಲು ಬರುವ ಅಂಟನ್ನೇ ಬಳಸಬೇಕು, ಮೂಲದ ಉಡುಪು, ಕೂದಲು ಎಷ್ಟೇ ಜೀರ್ಣವಾಗಿದ್ದರೂ ಜೊತೆಯಲ್ಲೇ ಉಳಿಸಬೇಕು ಎಂಬುದು ಈ ಕಸುಬಿನ ನೀತಿ. ಇದಕ್ಕೆಲ್ಲ ಗಂಟೆಗಟ್ಟಲೆ ಹಿಡಿಯುತ್ತದೆ. ಹೊಸ ಪ್ಲಾಸ್ಟಿಕ್ ಗೊಂಬೆ ಅಗ್ಗಕ್ಕೆ ಸಿಗುವಾಗ ಅಷ್ಟು ಹೊತ್ತಿಗೆ ಕೂಲಿ ಕೊಡುವವರು ಯಾರು? ಕೊಡುವವರು, ಆ ಗೊಂಬೆಯೊಂದಿಗೆ ಬೆಳೆದವರು ಮಾತ್ರ.

ಗೊಂಬೆಯ ವಿಷಯದಲ್ಲಿ ನಾವು ಬಡವರಲ್ಲ. ಮೈಸೂರು ಅರಮನೆಯ ಗೊಂಬೆ ತೊಟ್ಟಿಯಲ್ಲಿ 19ನೇ ಶತಮಾನದ ಗೊಂಬೆಗಳಿವೆ; ಅಜ್ಜಿಯ ಪಟ್ಟದ ಗೊಂಬೆಗಳು ಟ್ರಂಕಿನಲ್ಲಿ ಹಳೇ ಸೀರೆ ಸುತ್ತಿಕೊಂಡು ಮಲಗಿರುವ ಮನೆಗಳು ಇನ್ನೂ ಇವೆ. ಆದರೆ ಮುಕ್ಕಾದದ್ದು ಮನೆಯಲ್ಲಿರಬಾರದು ಎಂದು ಅಶ್ವತ್ಥಕಟ್ಟೆಗೋ ಕೆರೆಗೋ ಸಾಗಿಸುವುದು ನಮ್ಮ ರೂಢಿ. ಈ ದಸರೆಗೆ ಟ್ರಂಕು ತೆಗೆದಾಗ ಒಂದು ಬೆರಳೋ ಕಿರೀಟದ ತುದಿಯೋ ಮುರಿದಿದ್ದರೆ ಅವಸರ ಬೇಡ. ಮುರಿದ ಚೂರನ್ನು ಹತ್ತಿಯಲ್ಲಿ ಸುತ್ತಿ ಗೊಂಬೆಯ ಜೊತೆಗೇ ಇಡಿ. ಕ್ಷಣದಲ್ಲಿ ಅಂಟುವ ಗೋಂದು ಹಚ್ಚಬೇಡಿ, ಎನಾಮೆಲ್ ಬಣ್ಣ ಬಳಿಯಬೇಡಿ. ಮರದ್ದಾದರೆ ಬಲ್ಲ ಚಿತ್ರಗಾರರೊಬ್ಬರಿಗೆ ತೋರಿಸಿ, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಕೆಲಸ ಸಿಕ್ಕರೆ ತಾನೇ ಕಸುಬು ಉಳಿಯುವುದು.